ಗೋಲ್‌ಕೀಪರನ ಚುರುಕು

ಮಾಲೂರಿನಲ್ಲಿ ಐಸ್ ಹಾಕಿ ಆಡುವ ಮನೆ ನಮ್ಮದೊಂದೇ ಇರಬೇಕು. ಐಸ್ ಎಂದರೆ ಇಲ್ಲಿ ಮೀನಿನಂಗಡಿಯದು, ಇಲ್ಲವೇ ಕಬ್ಬಿನಹಾಲಿನ ಗಾಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟಿದ್ದು. ಅದನ್ನು ಮೈದಾನದಗಲ ಹಾಸಿ, ಕಾಲಿಗೆ ಅಲಗು ಕಟ್ಟಿಕೊಂಡು, ಕಪ್ಪು ರಬ್ಬರಿನ ಬಿಲ್ಲೆಯೊಂದನ್ನು ಕೋಲಿನಿಂದ ತಳ್ಳುತ್ತ ಓಡುವ ಜನರೂ ಇದ್ದಾರೆ ಎಂದು ನನಗೆ ತಿಳಿದದ್ದು ಹೋದ ಡಿಸೆಂಬರಿನಲ್ಲಿ. ತಿಳಿಯದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ನರೇಶ ನನ್ನ ಗಂಡ. ನಮ್ಮಪ್ಪನ ಅಕ್ಕ ಆಂಜಿನಮ್ಮನ ಮಗ. ತಾಯಲೂರಿನ ಒಂದೇ ಬೀದಿಯಲ್ಲಿ ಜಗಳವಾಡಿಕೊಂಡು ಬೆಳೆದವರು ನಾವು, ಹಾಗಾಗಿ ಅವನಿಗೆ ಬಹುವಚನ ಹಚ್ಚಲು ನನ್ನ ಬಾಯಿ ಒಪ್ಪುವುದಿಲ್ಲ. ಅವನು ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ಕಾರಿನ ಬಾಗಿಲಿಗೆ ಬೇಕಾದ ಕೀಲುಗಳನ್ನು ಒತ್ತುವ ಕೆಲಸ. ಪ್ರೆಸ್ಸಿಗೆ ಹೊಸ ಅಚ್ಚು, ಅಂದರೆ ಡೈ, ಕೂರಿಸುವಾಗ ಉಳಿದವರು ಅಳತೆಯ ಗೇಜು ಹುಡುಕುತ್ತಿದ್ದರೆ ಇವನು ಹೆಬ್ಬೆರಳಿನಿಂದ ಸವರಿ, ಇಲ್ಲಿ ಒಂದು ಕೂದಲೆಳೆ ಎದ್ದಿದೆ ಎನ್ನುತ್ತಿದ್ದ. ಅವನ ಅಂದಾಜು ಸರಿಯಾಗೇ ಇರುತ್ತಿತ್ತು. ಆ ಬೆರಳಿನ ಮೇಲೆ ಅವನಿಗೆ ಇದ್ದ ಜಂಬ ಅಷ್ಟಿಷ್ಟಲ್ಲ.

ನವೆಂಬರಿನಲ್ಲಿ ಪ್ರೆಸ್ಸು ಅವನ ಬಲಗೈ ಹಿಡಿಯಿತು. ಬೆರಳು ಉಳಿಯಿತು, ಹೆಬ್ಬೆರಳನ್ನು ಆಡಿಸುವ ನರ ತುಂಡಾಯಿತು. ಕೋಲಾರದ ಡಾಕ್ಟರು ಅದನ್ನು ಹೊಲಿದು, ಆರು ತಿಂಗಳು ಬಿಡದೆ ವ್ಯಾಯಾಮ ಮಾಡಿಸಿ, ಅಷ್ಟರೊಳಗೆ ಎಷ್ಟು ಬರುತ್ತದೋ ಅಷ್ಟೇ, ಆಮೇಲೆ ಹೊಲಿಗೆ ಒಳಗೇ ಅಂಟಿಕೊಂಡುಬಿಡುತ್ತದೆ ಎಂದರು. ಕಾರ್ಖಾನೆಯವರೂ ಆರು ತಿಂಗಳ ಗಡುವು ಕೊಟ್ಟರು. ಬೆರಳು ಬಂದರೆ ಪ್ರೆಸ್ಸು, ಬರದಿದ್ದರೆ ಸ್ಟೋರಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸ. ಸೂಪರ್‌ವೈಸರ್ ಕೋದಂಡರಾಮಪ್ಪ ಒಳ್ಳೆಯ ಮನುಷ್ಯ, ಮನೆಗೇ ಬಂದು ಹೇಳಿದರು.

"ಚೀಟಿ ಅಂಟ್ಸೋಕಾ ನಾನು ಐಟಿಐ ಮಾಡಿದ್ದು?" ಎಂದ ನರೇಶ, ಅವರು ಗೇಟು ದಾಟುವ ಮೊದಲೇ.

ಫಿಸಿಯೋಥೆರಪಿಯ ಮಾಧವಿ ಮೇಡಂ ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ಇನ್ನೂರು ಸಲ ಹಿಸುಕಲು ಹೇಳಿದ್ದರು. ನಾಲ್ಕನೇ ದಿನ ಆ ಚೆಂಡು ಪಕ್ಕದವರ ಕಾಂಪೌಂಡಿನಲ್ಲಿ ಬಿದ್ದಿತ್ತು. "ಚಿಕ್ ಮಗೂನಾ ನಾನು?" ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಅದೇ ವಾರ ಸ್ಟೇಷನ್ ರಸ್ತೆಯ ಗೇಮ್ ಅಂಗಡಿಯೊಂದು ಮುಚ್ಚುತ್ತಿತ್ತು. ಟಿವಿಗೆ ಸಿಕ್ಕಿಸಿ ಆಡುವ ಹಳೆಯ ಗೇಮ್ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿತು ಎಂದು ನಾನೇ ಕೊಂಡುತಂದೆ. ಕ್ರಿಕೆಟ್ಟು, ಫುಟ್‌ಬಾಲು ಎಲ್ಲ ಯಾರೋ ಒಯ್ದಾಗಿತ್ತು. ಯಾರಿಗೂ ಬೇಡವಾಗಿ ಉಳಿದಿದ್ದು ಐಸ್ ಹಾಕಿಯ ಡಿಸ್ಕ್ ಒಂದೇ.

ಆದರೆ ನಮಗೆ ಬೇಕಾದದ್ದು ಅದೇ ಆಗಿತ್ತು ನೋಡಿ. ಈ ಆಟದಲ್ಲಿ ಗೋಲು ಹೊಡೆಯುವುದು ಬಟನ್ ಒತ್ತಿ ಅಲ್ಲ. ರಿಮೋಟಿನ ಬಲಗಡೆ ಒಂದು ಪುಟ್ಟ ಕಡ್ಡಿ ಇದೆ. ಹೆಬ್ಬೆರಳಿನಿಂದ ಅದನ್ನು ಹಿಂದಕ್ಕೆಳೆದರೆ ಆಟಗಾರ ಕೋಲು ಎತ್ತುತ್ತಾನೆ, ಮುಂದಕ್ಕೆ ನೂಕಿದರೆ ಹೊಡೆಯುತ್ತಾನೆ. ರಿಮೋಟನ್ನು ಕ್ಲಿನಿಕ್ಕಿಗೆ ಒಯ್ದು ತೋರಿಸಿದಾಗ ಮಾಧವಿ ಮೇಡಂ, "ನಾನು ಹೇಳಿದ್ದೂ ಇದೇ ಚಲನೆ, ಆಡ್ಲಿ ಬಿಡಿ, ಆದರೆ ಇಲ್ಲಿಗೆ ಬರೋದು ತಪ್ಪಿಸಬಾರದು" ಎಂದರು.

ಆಟ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಅಲಗು ಐಸನ್ನು ಗೀರುವ ಸದ್ದು, ಬಿಲ್ಲೆ ಕಂಬಕ್ಕೆ ಬಡಿದಾಗಿನ ಠಣ್ ಎನ್ನುವ ದನಿ, ಗೋಲಾದಾಗ ಇಡೀ ಮೈದಾನ ಎದ್ದು ನಿಲ್ಲುವುದು, ನೋಡುತ್ತ ಕೂತರೆ ನಮ್ಮ ಶೀಟಿನ ಮನೆಯ ಸೆಕೆಯೂ ಮರೆತುಹೋಗುತ್ತಿತ್ತು. ಕೈನೋವು ಬಿಟ್ಟು ಬೇರೆ ಮಾತನ್ನು ನರೇಶ ಆಡಿದ್ದು ಆಗಲೇ. ಆದರೆ ಅದರಷ್ಟು ಹಟಮಾರಿ ಆಟವನ್ನೂ ನಾನು ಕಂಡಿಲ್ಲ. ಓಡುವವನನ್ನು ನಿಲ್ಲಿಸಲು ಆಗದು, ಜಾರಿಕೊಂಡು ಹೋಗುತ್ತಲೇ ಇರುತ್ತಾನೆ. ಯಾವುದೋ ನೀಲಿ ಗೆರೆ ದಾಟಿದನೆಂದು ಪೀಪಿ ಊದುತ್ತಾರೆ, ಯಾಕೆಂದು ಹೇಳುವುದಿಲ್ಲ. ನಮ್ಮದೇ ತಂಡದ ಉಳಿದ ನಾಲ್ವರನ್ನು ಕಂಪ್ಯೂಟರ್ ಆಡಿಸುತ್ತದೆ, ಅವರು ಬೇಕಾದಾಗ ಮೂಲೆಗೆ ಹೋಗಿ ನಿಂತಿರುತ್ತಾರೆ. ಇಷ್ಟೆಲ್ಲ ದಾಟಿ ಬಿಲ್ಲೆ ಗೋಲಿನ ಹತ್ತಿರ ತಂದರೆ ಎದುರು ಗೋಲ್‌ಕೀಪರ್ ಕಾಲು ಚಾಚಿ ತಡೆದುಬಿಡುತ್ತಾನೆ. ನರೇಶನ ಹೆಬ್ಬೆರಳು ಹಿಂದಕ್ಕೆ ಎಳೆಯುತ್ತಿತ್ತು, ಮುಂದಕ್ಕೆ ನೂಕುವಾಗ ಸೋಲುತ್ತಿತ್ತು.

ಜನವರಿ ಪೂರ್ತಿ ಒಂದೂ ಗೆಲ್ಲಲಿಲ್ಲ. ಸೊನ್ನೆ-ಆರು, ಒಂದು-ಎಂಟು, ಸೊನ್ನೆ-ಐದು. ಒಂದು ಸಂಜೆ ಆಟ ಮುಗಿದ ಮೇಲೆ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು, ಶಬ್ದವಿಲ್ಲದೆ ಅತ್ತ. ಅಳುವವನಲ್ಲ ಅವನು. ಅವನ ಅಪ್ಪ ಸತ್ತಾಗಲೂ ಅತ್ತಿರಲಿಲ್ಲ. ಆಂಜಿನಮ್ಮ ಅತ್ತೆ ಅಡುಗೆಮನೆಯಿಂದ ಇಣುಕಿ, ಸೆರಗು ಬಾಯಿಗಿಟ್ಟುಕೊಂಡು ಒಳಕ್ಕೆ ಹೋದರು.

ಮಾರನೆಯ ಭಾನುವಾರ ಅವನು ಮಟನ್ ತರಲು ಹೋದಾಗ ನಾನು ಪೆಟ್ಟಿಗೆ ಹಾಕಿದೆ. ನಾನು ಶಾಲೆಯೊಂದರ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು, ಮೆನು ಓದುವುದು ನನಗೆ ಕಷ್ಟವಲ್ಲ. ನರೇಶನೋ, ಇಂಗ್ಲಿಷಿನ ಪುಟ ಬಂದರೆ ಓದದೆ ಒತ್ತಿ ದಾಟಿಸುವವನು. ಒಳಗಿನ ಒಂದು ಪುಟದಲ್ಲಿ ಸೊನ್ನೆಯಿಂದ ನೂರರವರೆಗೆ ಸರಿಸಬಹುದಾದ ಗೆರೆಗಳ ಸಾಲೇ ಇತ್ತು. ಎದುರಾಳಿಗಳ ವೇಗ, ಪಾಸಿಗೆ ನೆರವು, ಎದುರು ಗೋಲ್‌ಕೀಪರನ ಚುರುಕು. ಎಲ್ಲವೂ ಐವತ್ತರಲ್ಲಿ ನಿಂತಿದ್ದವು. ಗೋಲ್‌ಕೀಪರನ ಚುರುಕನ್ನು ನಲವತ್ತೇಳಕ್ಕೆ ಇಳಿಸಿದೆ. ಒಮ್ಮೆಗೇ ಇಳಿಸಿದರೆ ಗೊತ್ತಾಗುತ್ತದೆ ಎನ್ನುವಷ್ಟು ಬುದ್ಧಿ ನನಗಿತ್ತು. ಆ ಬುದ್ಧಿಗೆ ಬೆಂಕಿ ಬೀಳಲಿ.

ಆಮೇಲೆ ಪ್ರತಿ ಭಾನುವಾರ ಮೂರು ಮೂರು ಅಂಕ. ಒಂದು ವಾರ ಎದುರಾಳಿಗಳ ವೇಗವನ್ನೂ ತುಸು ತಗ್ಗಿಸಿದೆ, ಇನ್ನೊಂದು ವಾರ ಪಾಸಿನ ನೆರವು ಹೆಚ್ಚಿಸಿದೆ. ನರೇಶ ಎರಡು ಗೋಲಿನಿಂದ ಸೋತ, ಒಂದರಿಂದ ಸೋತ, ಸಮ ಮಾಡಿದ. ಫೆಬ್ರವರಿ ಕೊನೆಗೆ ಗೆದ್ದ. ಗೆದ್ದ ಸಂಜೆ ನನ್ನನ್ನು ಎತ್ತಿ ಸುತ್ತಿಸಿದ, ಮದುವೆಯಾದ ಒಂಬತ್ತು ವರ್ಷದಲ್ಲಿ ಮೊದಲ ಸಲ.

"ನೋಡೇ ಗಂಗಾ, ಬೆರಳು ಬಂತು ಕಣೇ! ಹೆಂಗ್ ನೂಕ್ತೈತೆ ನೋಡು!"

ಬೆರಳು ಬಂದಿರಲಿಲ್ಲ. ನಾನು ನಕ್ಕೆ. ಆ ನಗು ನಟನೆಯಾಗಿರಲಿಲ್ಲ. ಅವನು ಖುಷಿಯಾಗಿದ್ದುದಕ್ಕೆ ನನಗೆ ನಿಜವಾಗಿಯೂ ಜೀವ ಬಂದಂತಾಗಿತ್ತು, ಇದು ಸುಳ್ಳು ಎಂಬುದನ್ನು ಆ ಕ್ಷಣಕ್ಕೆ ಮರೆತೇಬಿಟ್ಟಿದ್ದೆ. ಧೈರ್ಯ ಬಂದರೆ ವ್ಯಾಯಾಮವನ್ನೂ ಚೆನ್ನಾಗಿ ಮಾಡುತ್ತಾನೆ, ಬೆರಳು ತಾನಾಗಿ ಬರುತ್ತದೆ, ಆಮೇಲೆ ಗೆರೆಗಳನ್ನು ಒಂದೊಂದೇ ಮೇಲಕ್ಕೆ ಏರಿಸಿದರಾಯಿತು ಎಂದುಕೊಂಡಿದ್ದೆ.

ಅತ್ತೆ ಸುಮ್ಮನಿರಲಿಲ್ಲ, ಎಲ್ಲರನ್ನೂ ಕುರುಡುಮಲೆಗೆ ಹೊರಡಿಸಿದರು. ಎರಡಾಳೆತ್ತರದ ಗಣಪತಿಯ ಮುಂದೆ ಮಗನ ಕೈ ಎತ್ತಿ ಹಿಡಿದು, "ನಾಯನಾ, ನನ್ನಪ್ಪಾ, ಬೆರಳು ಕೊಟ್ಟೆ, ನಿನ್ನ ಹೆಸರು ಬೆಳಗ್ಲಿ" ಎಂದು ಕಣ್ಣೀರಿಟ್ಟರು. ಇಪ್ಪತ್ತೊಂದು ಕಾಯಿ ಒಡೆಸಿದರು. ಗಣಪತಿ ನನ್ನನ್ನೇ ನೋಡುತ್ತಿದ್ದಾನೆ ಎನಿಸಿ, ನಾನು ಪ್ರಸಾದ ತೆಗೆದುಕೊಳ್ಳುವ ನೆಪದಲ್ಲಿ ಕಂಬದ ಮರೆಗೆ ಸರಿದೆ.

ಏಪ್ರಿಲ್ ಹೊತ್ತಿಗೆ ನರೇಶ ಏಳು-ಒಂದು, ಎಂಟು-ಎರಡು ಗೆಲ್ಲುತ್ತಿದ್ದ. ಅಂಗಿಯ ಗುಂಡಿಯನ್ನು ಮಾತ್ರ ಈಗಲೂ ನಾನೇ ಹಾಕುತ್ತಿದ್ದೆ. "ಅದು ಅಭ್ಯಾಸ ತಪ್ಪೋಗೈತೆ ಅಷ್ಟೇ" ಎನ್ನುತ್ತಿದ್ದ. ನಾನೂ ಹೌದೆನ್ನುತ್ತಿದ್ದೆ.

ಮೇ ತಿಂಗಳ ಎರಡನೇ ಶುಕ್ರವಾರ ಮಧ್ಯಾಹ್ನ ಶಾಲೆಯ ಆಫೀಸಿಗೆ ಮಾಧವಿ ಮೇಡಂ ಫೋನ್ ಮಾಡಿದರು.

"ಗಂಗಾಲಕ್ಷ್ಮಿ ಅವರೇ, ನರೇಶ್ ಏಳು ವಾರದಿಂದ ಬಂದೇ ಇಲ್ಲ. ಅವರ ನಂಬರಿಗೆ ಮಾಡಿದ್ರೆ ವಾಸಿಯಾಗಿದೆ ಅಂತ ಇಡ್ತಾರೆ. ಬೇರೆ ಎಲ್ಲಾದ್ರೂ ತೋರಿಸ್ತಿದ್ದೀರಾ?"

ಮಂಗಳವಾರ, ಶುಕ್ರವಾರ ತಪ್ಪದೆ ತಲೆ ಬಾಚಿಕೊಂಡು ಹೋಗುತ್ತಿದ್ದನಲ್ಲ! ಹೋಗುತ್ತಿದ್ದುದು ಕಾರ್ಖಾನೆಯ ಮುಂದಿನ ಟೀ ಅಂಗಡಿಗೆ ಎಂದು ಸಂಜೆ ಅವನೇ ಹೇಳಿದ. ಮುಚ್ಚಿಡುವ ಯೋಚನೆಯೂ ಅವನಿಗಿರಲಿಲ್ಲ.

"ಆಟದಾಗೇ ಅಷ್ಟು ಬೆರಳು ಆಡ್ತಿರೋವಾಗ ಆ ಮೇಡಮ್ಮತ್ರ ರಬ್ಬರ್ ಚೆಂಡು ಹಿಸುಕ್ತಾ ಕೂರ್ಬೇಕಾ? ನಾಳೆ ಕೋದಂಡರಾಮಪ್ಪೋರ್ಗೆ ಹೇಳ್ಬಿಡ್ತೀನಿ. ಸ್ಟೋರು ಬ್ಯಾಡ, ಪ್ರೆಸ್ಗೇ ಹಾಕಿ, ಬೇಕಾದ್ರೆ ನಿಂತ್ಕೊಂಡ್ ನೋಡಿ ಅಂತ. ಅವ್ರೂ ಒಂದ್ ಟ್ರಯಲ್ ಕೊಡ್ತೀನಿ ಅಂದವ್ರೆ."

ಅವನ ಎಡಗೈ ಕಣ್ಣ ಮುಂದೆ ಬಂತು. ಅದೂ ಪ್ರೆಸ್ಸಿನ ಬಾಯಿಗೆ ಸಿಕ್ಕರೆ? ನಾನು ಬಾಗಿಲು ಹಾಕಿ, ನೆಲದ ಮೇಲೆ ಅವನೆದುರು ಕೂತು, ಎಲ್ಲವನ್ನೂ ಹೇಳಿದೆ. ಭಾನುವಾರ, ಮಟನ್ನು, ಮೂರು ಮೂರು ಅಂಕ, ಎಲ್ಲ.

ಮೊದಲು ನಕ್ಕ. "ಭಯ ಬಿದ್ದು ಸುಳ್ಳೇಳ್ತಿದ್ದೀಯ."

"ಇಲ್ಲ ಕಣೋ."

"ತೋರ್ಸು."

ತೋರಿಸಿದೆ. ಗೋಲ್‌ಕೀಪರನ ಚುರುಕು ಎಂಟರಲ್ಲಿ ನಿಂತಿತ್ತು. "ಮೊದ್ಲೆಂಗಿತ್ತೋ ಹಂಗಿಡು" ಎಂದ. ಎಲ್ಲವನ್ನೂ ಐವತ್ತಕ್ಕೆ ತಂದಿಟ್ಟೆ.

ಅವನು ಆಡಿದ. ಹೆಬ್ಬೆರಳು ಕಡ್ಡಿಯ ಮೇಲಿಂದ ಜಾರುತ್ತಿತ್ತು. ಅವನ ಆಟಗಾರ ಕೋಲು ಎತ್ತಿಕೊಂಡು ಹೊಡೆಯದೆ ಹಾಗೇ ಮುಂದಕ್ಕೆ ಜಾರಿಹೋಗುತ್ತಿದ್ದ, ಎದುರಿನವರು ಬಂದು ಕೆಡವುತ್ತಿದ್ದರು. ಸೊನ್ನೆ-ಎರಡು, ಸೊನ್ನೆ-ನಾಲ್ಕು. ನಿಲ್ಲಿಸು ಎಂದೆ, ನಿಲ್ಲಿಸಲಿಲ್ಲ. ಸೊನ್ನೆ-ಏಳಕ್ಕೆ ಮುಗಿಯಿತು. ಜನವರಿಯಲ್ಲಿ ಎಲ್ಲಿದ್ದನೋ ಅಲ್ಲೇ ಇದ್ದ, ಬಹುಶಃ ಅದಕ್ಕಿಂತ ಹಿಂದೆ.

ಅವನು ಬೈಯಲಿಲ್ಲ. ಬೈದಿದ್ದರೆ, ರಿಮೋಟನ್ನು ನನ್ನ ಮುಖಕ್ಕೆ ಎಸೆದಿದ್ದರೆ, ನಾನು ಬದುಕಿಕೊಳ್ಳುತ್ತಿದ್ದೆ.

"ಯಾಕೆ ಹಂಗ್ ಮಾಡ್ದೆ?" ಎಂದಷ್ಟೇ ಕೇಳಿದ.

"ಅವತ್ತು ನೀನು ಅತ್ತುಬಿಟ್ಟೆಯಲ್ಲ, ಅದ್ಕೆ."

"ಅಳ್ಲಿ ಅಂತ ಬಿಡ್ಬೇಕಿತ್ತು ಕಣೇ."

ಶನಿವಾರ ಬೆಳಿಗ್ಗೆ ಮಾಧವಿ ಮೇಡಂ ಹತ್ತಿರ ಹೋದೆವು. ಅವರು ಒಂದು ನಟ್ಟು ಕೊಟ್ಟು, ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಲು ಹೇಳಿದರು. ಅದು ಮೂರು ಸಲ ಮೇಜಿನ ಮೇಲೆ ಬಿತ್ತು. ಅವರು ಹೊಲಿಗೆಯ ಗುರುತನ್ನು ಒತ್ತಿ ಒತ್ತಿ ನೋಡಿದರು. "ಒಳಗೆ ಅಂಟಿಕೊಂಡಿದೆ. ಈ ಏಳು ವಾರ ಬಿಡದೆ ಬಂದಿದ್ರೆ..." ಎಂದವರು ನಮ್ಮಿಬ್ಬರ ಮುಖ ನೋಡಿ ಮಾತು ನಿಲ್ಲಿಸಿ, ಕಾಗದದಲ್ಲಿ ಏನೋ ಬರೆಯತೊಡಗಿದರು. ಅವರು ನುಂಗಿದ ಮಾತು ನನಗೆ ಪೂರ್ತಿ ಕೇಳಿಸಿತು.

ಅಲ್ಲಿಂದ ಅವನೊಬ್ಬನೇ ಕಾರ್ಖಾನೆಗೆ ಹೋದ. ನಾನೂ ಬರುತ್ತೇನೆಂದರೆ ಬೇಡವೆಂದ. ಮಧ್ಯಾಹ್ನ ಬಂದು ಊಟಕ್ಕೆ ಕೂತು, "ಸೋಮವಾರದಿಂದ ಸ್ಟೋರು" ಎಂದ, ನನಗಷ್ಟೇ ಕೇಳುವಂತೆ. ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿಂದ. ಅತ್ತೆಗೆ ನಾವಿಬ್ಬರೂ ನಿಜ ತಿಳಿಸಲಿಲ್ಲ. "ಪ್ರೆಸ್ಗೆ ಯಾವಾಗಿಂದ ನಾಯನಾ?" ಎಂದು ಅವರು ಕೇಳುತ್ತಲೇ ಇದ್ದರು.

ಸಂಜೆ ನಾನು ಆ ಪೆಟ್ಟಿಗೆಯ ವೈರುಗಳನ್ನು ಬಿಚ್ಚತೊಡಗಿದೆ. ಅದು ಕಣ್ಣೆದುರು ಇರುವುದೇ ಬೇಡವಾಗಿತ್ತು ನನಗೆ. ಯಾರಿಗಾದರೂ ಕೊಟ್ಟುಬಿಡುವುದು, ಯಾರೂ ಕೊಳ್ಳದಿದ್ದರೆ ಕೆರೆಗೆ ಹಾಕುವುದು. ನರೇಶ ಬಂದು ಹಿಂದೆ ನಿಂತ.

"ಬಿಚ್ಬ್ಯಾಡ. ಹಾಕು."

"ಬೇಡ ಕಣೋ. ಸಾಕು."

"ಹಾಕು ಅಂದ್ನಲ್ಲ. ಆ ಗೆರೆಗಳು ಇಳ್ಸು."

ನನಗೆ ಅರ್ಥವಾಗಲಿಲ್ಲ, ಅರ್ಥಮಾಡಿಕೊಳ್ಳುವುದು ಬೇಕಾಗಿಯೂ ಇರಲಿಲ್ಲ. "ಎಷ್ಟಕ್ಕೆ?" ಎಂದೆ.

"ಪೂರ್ತಿ."

ಅವನ ಎದುರಿಗೇ ಒಂದೊಂದಾಗಿ ಇಳಿಸಿದೆ. ಎದುರಾಳಿಗಳ ವೇಗ ಸೊನ್ನೆ. ಗೋಲ್‌ಕೀಪರನ ಚುರುಕು ಸೊನ್ನೆ. ಅವನು ಚಾಪೆಯ ಮೇಲೆ ಕೂತು, ಬಲಗೈಯನ್ನು ಎಡಗೈಯಿಂದ ಎತ್ತಿ ರಿಮೋಟಿನ ಮೇಲೆ ಸರಿಯಾಗಿ ಕೂರಿಸಿಕೊಂಡ. ಆಟ ಶುರುವಾಯಿತು. ಗೋಲ್‌ಕೀಪರ್ ಅಲುಗಾಡದೆ ನಿಂತಿದ್ದ, ಬಿಲ್ಲೆ ಅವನ ಕಾಲಿನ ಪಕ್ಕದಲ್ಲೇ ಮೆಲ್ಲಗೆ ಒಳಗೆ ಹೋಯಿತು. ಮತ್ತೊಂದು ಹೋಯಿತು. ಅತ್ತೆ ಅಡುಗೆಮನೆಯಿಂದ ಓಡಿಬಂದು, "ಗೋಲಾ?" ಎಂದರು.

"ಹ್ಞೂಂ ಅಮ್ಮ, ಗೋಲು" ಎಂದ ನರೇಶ, ಪರದೆಯಿಂದ ಕಣ್ಣು ತೆಗೆಯದೆ. "ನಾಳೆನೂ ಹಿಂಗೇ ಇರ್ಲಿ, ಗಂಗಾ."

ನಾನು ಆಯಿತು ಎಂದೆ.