ಚಿನ್ನದ ನೀರಿನ ಒಡತಿ

"ಏಳೇ ಮೇಲೆ, ಕಂಪನಿ ಒಡತಿ! ಒಡತಿಯರೇ ಹೀಗೆ ಕುಂಡಿ ಊರಿ ಕೂತ್ರೆ ಕಂಪನಿ ಉದ್ಧಾರ ಆಗುತ್ತಾ?"

ಬೆಸ್ನಾ ಚಹಾದ ಗ್ಲಾಸು ಎತ್ತಿಕೊಳ್ಳುವುದರೊಳಗೆ ಮ್ಯಾನೇಜರ್ ಫಿಕ್ರೆತ್ ಬೇ ಬೂಟಿನ ತುದಿಯಿಂದ ಅದನ್ನು ಉರುಳಿಸಿಯಾಗಿತ್ತು. ಬಟ್ಟೆ ಒಗೆಯುವ ಶೆಡ್ಡಿನ ನೆಲದ ಮೇಲೆ ಚಹಾ ಹರಿಯಿತು. ತೈಲಬಾವಿ ಕೊರೆಯುವವರ ಅಂಗಿಗಳಿಂದ ಇಳಿದ ಕರಿ ಕೆಸರಿನ ಜೊತೆ ಸೇರಿಕೊಂಡು ಮೋರಿಯ ಕಡೆ ಹೊರಟಿತು.

"ನೀವು ಬರ್ತೀರಂತನ ಕಾಯ್ಕೊಂಡು ಕುಂತಿದ್ವಿರಿ ಸಾಹೇಬ್ರ," ಬೆಸ್ನಾ ಎದ್ದು ನಿಂತಳು. "ರಜಾ ದಿನ ಒಗದಿದ್ದರ ಪಗಾರ ಇನ್ನೂ ಬಂದಿಲ್ರಿ."

"ಯಾರ ಹತ್ರ ಕೇಳ್ತಿದ್ದೀಯ ಪಗಾರ?" ಫಿಕ್ರೆತ್ ಬೇ ಹಿಂದೆ ಮುಂದೆ ನೋಡಿದ. "ಈ ಕಂಪನಿ ಯಾರದ್ದು?"

"ನಮ್ದರಿ."

"ಗಟ್ಟಿಯಾಗಿ ಹೇಳು, ಎಲ್ಲರಿಗೂ ಕೇಳಲಿ."

"ನಮ್ದರೀ."

"ಮತ್ತೆ? ನಿನ್ನ ಜೇಬಿಂದ ತೆಗೆದು ನಿನಗೇ ಕೊಟ್ಕೋ. ನನ್ನನ್ಯಾಕೆ ಕೇಳ್ತೀಯ? ನಾನು ನಿಮ್ಮ ಆಳು ಕಣಮ್ಮ!"

ಶೆಡ್ಡಿನ ಉಳಿದ ಹೆಂಗಸರು ನಕ್ಕರು. ನಗದಿದ್ದರೆ ಫಿಕ್ರೆತ್ ಬೇ ಇನ್ನೊಂದು ಜೋಕು ಹೇಳುತ್ತಿದ್ದ.

ಅವರೆಲ್ಲ ಒಡೆಯರಾದದ್ದು ಎರಡು ಚಳಿಗಾಲದ ಹಿಂದೆ. ಅಲ್ತಿನ್‌ಸು ಪೆಟ್ರೋಲ್ ಎಂಬುದು ಕಂಪನಿಯ ಹೆಸರು, ಅಲ್ತಿನ್‌ಸು ಎಂದರೆ ಚಿನ್ನದ ನೀರು. ಹೆಸರು ಅಷ್ಟು ಚೆಂದ. ಆ ಚೆಂದದ ಕಂಪನಿ ತಿಂಗಳುಗಟ್ಟಲೆ ಹೆಚ್ಚಿನ ಪಾಳಿಯ ಕೂಲಿ ಕೊಡದಿದ್ದಾಗ, ತುರ್ಕಿಯ ಬಾತ್ಮಾನ್ ಊರಾಚೆಯ ಪೈಪು ಅಂಗಳದ ಕೂಲಿಗಳು ಗೇಟಿಗೆ ಅಡ್ಡ ಕೂತರು. ಇಸ್ತಾಂಬುಲ್‌ನಿಂದ ಅಧ್ಯಕ್ಷ ಹಲೂಕ್ ಬೇ ವಿಮಾನ ಹತ್ತಿ ಬಂದರು. ಸಾಹೇಬರನ್ನೆಲ್ಲ ಬೇ ಎಂದೇ ಕರೆಯುವುದು ಅಲ್ಲಿಯ ರೂಢಿ. ಪೊಲೀಸರನ್ನು ಕರೆಸಲಿಲ್ಲ, ಅಂಥ ಕೀಳು ಮನುಷ್ಯರಲ್ಲ ಅವರು. ಕೇಕು ತರಿಸಿದರು. ಅಂಗಳದಷ್ಟು ಉದ್ದದ ಮೇಜಿನ ಮೇಲೆ ಅದನ್ನು ತಮ್ಮ ಕೈಯಾರೆ ಕತ್ತರಿಸುತ್ತ, "ಇವತ್ತಿನಿಂದ ಈ ಕಂಪನಿಯಲ್ಲಿ ಕೂಲಿಗಳೇ ಇಲ್ಲ, ಎಲ್ಲರೂ ಒಡೆಯರೇ" ಎಂದರು. ಬಾಕಿ ಕೂಲಿಯ ಬದಲಿಗೆ ಎಲ್ಲರಿಗೂ ಷೇರು ಹಂಚಿದರು. ಕೂಲಿಗಳಿಲ್ಲದ ಮೇಲೆ ಬಾಕಿ ಕೂಲಿಯೂ ಇಲ್ಲ ಎಂಬುದು ತಲೆಗೆ ಹೊಳೆಯುವ ಹೊತ್ತಿಗೆ ಎಲ್ಲರ ಬಾಯಲ್ಲಿ ಕೇಕು ತುಂಬಿತ್ತು. ಬೆರಳು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದರು. ಮೂರು ವರ್ಷ ಮಾರುವಂತಿಲ್ಲ ಎಂದಾಗ ಒಬ್ಬ ಯಾಕೆಂದು ಕೇಳಿದ. "ಷೇರು ಎಳೆಗೂಸಿನ ಹಾಗೆ. ಮೂರು ವರ್ಷ ತುಂಬುವ ತನಕ ಮನೆಯಿಂದ ಆಚೆ ಬಿಡಬಾರದು," ಎಂದು ಹಲೂಕ್ ಬೇ ಅವನ ಬೆನ್ನು ತಟ್ಟಿದರು. ಕೂಲಿಗಳ ಬೆನ್ನು ತಟ್ಟಿದ ಕೈಯನ್ನು ಅವರು ಕಾರು ಹತ್ತುವಾಗ ಒದ್ದೆ ಕಾಗದದಲ್ಲಿ ಒರೆಸಿಕೊಂಡಿದ್ದನ್ನು ಬೆಸ್ನಾ ನೋಡಿದಳು. ಕೆಸರಿನ ಕೈಗಳ ನಡುವೆ ಬಂದವರು, ಒರೆಸಿಕೊಳ್ಳದೆ ಇನ್ನೇನು ಮಾಡಿಯಾರು ಅಂದುಕೊಂಡಳು.

ಹಳೆಯ ಬಾವಿಗಳು ಬತ್ತುತ್ತಿದ್ದವು. ಷೇರು ಏರಿಸುವ ಎಣ್ಣೆ ಇದ್ದದ್ದು ಬಾತ್ಮಾನ್‌ನಲ್ಲಿ ಅಲ್ಲ, ಗಡಿಯಾಚೆಯ ಬೆಟ್ಟದ ಹೊಟ್ಟೆಯಲ್ಲಿ. ಆ ಬೆಟ್ಟ ಯಾರದೆಂಬುದೇ ಜಗಳ. ಆ ಸೀಮೆ ಆಳುವ ಎರ್ಬಿಲ್‌ನವರು ಬೆಟ್ಟ ನಮ್ಮದೆಂದು ಕಂಪನಿಗೆ ಪರವಾನಗಿ ಕೊಟ್ಟಿದ್ದರು. ನಮ್ಮನ್ನು ಕೇಳದೆ ಕೊಡಲು ನೀವ್ಯಾರು ಎಂದು ಇಡೀ ದೇಶ ಆಳುವ ಬಾಗ್ದಾದ್‌ನವರು ಕೂಗುತ್ತಿದ್ದರು. ಇತ್ತ ತುರ್ಕಿ ಆಳುವ ಅಂಕಾರಾದವರು ಇಬ್ಬರ ಹೆಗಲ ಮೇಲೂ ಕೈ ಹಾಕಿಕೊಂಡು ನಿಂತಿದ್ದರು. ಬೆಟ್ಟದ ಮೇಲಿದ್ದ ಜನರನ್ನು ಯಾರೂ ಕೇಳಿರಲಿಲ್ಲ. ಅವರ ಬಳಿ ಷೇರು ಇರಲಿಲ್ಲವಲ್ಲ.

ಮೊದಲೆಲ್ಲ ರಾಜಕಾರಣಿಗಳು ಟೀವಿಯಲ್ಲಿ ಬಂದರೆ ಕ್ಯಾಂಟೀನಿನಲ್ಲಿ ಕೂತವರು ಉಗಿದು ಚಾನೆಲ್ ತಿರುಗಿಸುತ್ತಿದ್ದರು. ಒಡೆಯರಾದ ಮೇಲೆ ಬಾಗ್ದಾದಿನ ತೈಲ ಮಂತ್ರಿಗೆ ನೆಗಡಿಯಾದರೂ ಕಂಗಾಲಾಗತೊಡಗಿದರು. ಎಲ್ಲರಿಗಿಂತ ಹೆಚ್ಚು ಕಂಗಾಲಾಗುತ್ತಿದ್ದವನು ರಮೋ. ಪೈಪು ಉಜ್ಜುವ ಕೆಲಸದವನು. ಕೊಟ್ಟ ಷೇರು ಸಾಲದೆಂದು ಹೆಂಡತಿಯ ಬಂಗಾರದ ಬಳೆ ಮಾರಿ ಇನ್ನಷ್ಟು ಕೊಂಡಿದ್ದ. ಬೇಳೆಯ ಸಾರಿನಲ್ಲಿ ರೊಟ್ಟಿ ಅದ್ದುವಾಗಲೂ ಅವನ ಕಣ್ಣು ಫೋನಿನಲ್ಲೇ.

"ಆ ಭಾಡ್ಯಾ ಮಂತ್ರಿ ಇವತ್ತ ಮೀಸಿ ಯಾಕ ತಿರುವಾಕತ್ತಾನ? ಅಂವ ಮೀಸಿ ತಿರುವಿದಾಗೊಮ್ಮೆ ನಮ್ಮ ಷೇರು ಬೀಳತೈತಿ."

"ನಿನ್ನ ಹೇಂತಿ ಬಳಿ ಬಿಚ್ಚಿಸಿದ್ದಂತೂ ಆ ಮಂತ್ರಿ ಅಲ್ಲಲ," ಎಂದು ಬೆಸ್ನಾ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಎಸೆಯುತ್ತಿದ್ದಳು.

ಹಾಗೆ ಅಂದರೂ ಅವಳಿಗೂ ಆಸೆ ಇತ್ತು. ಗಂಡ ಸತ್ತ ಮೇಲೆ ಹೆರವರ ಕೊಳೆ ಒಗೆದೇ ಬದುಕಿದವಳು, ತನ್ನದೂ ಒಂದು ಬೆಟ್ಟ ಇದೆ ಎಂದುಕೊಂಡು ಮಲಗುವುದು ಚೆನ್ನಾಗಿಯೇ ಇತ್ತು. ಗಡಿಯಾಚೆಯ ಗೂಜಿಕ್ ಹಳ್ಳಿ ಅವಳ ತವರು. ಅಲ್ಲಿದ್ದ ತಂಗಿ ಖೆಜಾಲ್‌ಗೆ ಹಬ್ಬದ ದಿನ ಫೋನು ಮಾಡಿ, "ನಾ ಈಗ ಎಣ್ಣಿ ಕಂಪನಿ ಒಡತಿ ಆಗೀನಿ ನೋಡವ್ವ" ಎಂದು ಹೇಳಿ ನಕ್ಕಿದ್ದಳು.

ಚಳಿ ಇಳಿದು ಬೆಟ್ಟದ ದಾರಿ ತೆರೆದ ಮೇಲೆ ಒಂದು ಬೆಳಿಗ್ಗೆ ರಮೋ ಕ್ಯಾಂಟೀನಿನ ಬೆಂಚು ಹತ್ತಿ ಕಿರುಚಿದ. "ಏರಿತಲೇ! ಏರಿತು! ಬಾವಿಗೆ ರಸ್ತಾ ಮಾಡಾಕ ಸುರು ಮಾಡ್ಯಾರಂತ!" ಜನ ಕೈ ಕೈ ಹಿಡಿದು ಮೇಜುಗಳ ನಡುವೆ ಕುಣಿದರು. ಬೆಸ್ನಾ ಒದ್ದೆ ಲಂಗದ ಅಂಚು ಸಿಕ್ಕಿಸಿಕೊಂಡು ಸಾಲಿನ ತುದಿಗೆ ಸೇರಿ ತಾನೂ ಕುಣಿದಳು. ಫಿಕ್ರೆತ್ ಬೇ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ.

ಮಧ್ಯಾಹ್ನ ಖೆಜಾಲ್ ಫೋನು ಮಾಡಿದಳು.

"ಅಕ್ಕಾ, ಬಂದೂಕದವರು ಬಂದಿದ್ರು. ಊರು ಬಿಡ್ರಿ ಅಂದ್ರು. ಅಕ್ರೋಟದ ಗಿಡ ಎಲ್ಲಾ ಕಡದು ಹಾಕ್ಯಾರ."

"ಯಾಕಂತ?"

"ರಸ್ತಾ ಮಾಡ್ತಾರಂತ. ದೊಡ್ಡ ದೊಡ್ಡ ಲಾರಿ ಬಂದಾವ. ಲಾರಿ ಬಾಗಲ ಮ್ಯಾಲ ಹಳದಿ ಹನಿ ಬರದಾರ."

ಬೆಸ್ನಾ ತನ್ನ ಕಂಪನಿ ಅಂಗಿಯ ಎದೆಯ ಮೇಲೆ ಹೊಲಿದಿದ್ದ ಹಳದಿ ಹನಿಯನ್ನು ನೋಡಿಕೊಂಡಳು.

"ಅಕ್ಕಾ, ಅದು ನಿನ್ನ ಕಂಪನಿ ಅಲ್ಲೇನ? ನೀ ಒಡತಿ ಆಗೀನಿ ಅಂದಿದ್ದೆಲ್ಲ?" ಖೆಜಾಲ್ ಮೂಗು ಸೇದಿದಳು. "ಗಿಡ ಹೋಗ್ಲಿ, ನಾ ಗಿಡದ ಮಾತು ಆಡೂದಿಲ್ಲ. ಅವ್ವನ ಗೋರಿ ಗುಡ್ಡದ ಬುಡಕ್ಕ ಐತಿ. ಸುಣ್ಣದ ಗೆರಿ ಗೋರಿ ನಡುವಿಂದನ ಎಳದಾರ. ಈ ತಿಂಗಳು ತುಂಬೂದ್ರಾಗ ಅಲ್ಲಿಗೆ ಬರ್ತಾರಂತ. ಒಂದೀಟು ಆಚಿಗೆ ತಿರುಗಸ್ರಿ ಅಂತ ಹೇಳ ಯವ್ವಾ. ನಿನ್ನ ಆಳುಗಳಲ್ಲೇನ ಅವ್ರು?"

ಖೆಜಾಲ್ ಚುಚ್ಚಿ ಮಾತಾಡಿದ್ದರೆ ಬೆಸ್ನಾ ತಿರುಗಿ ಬೈಯುತ್ತಿದ್ದಳು. ಅವಳು ಚುಚ್ಚಿರಲಿಲ್ಲ, ನಂಬಿದ್ದಳು. "ಹೇಳ್ತೀನವ್ವ" ಎಂದಳು ಬೆಸ್ನಾ.

ಸಂಜೆ ಫಿಕ್ರೆತ್ ಬೇಯ ಆಫೀಸಿಗೆ ಹೋದಳು. ಅವನು ಕೇಳಿಸಿಕೊಂಡ. ಕೇಳಿಸಿಕೊಂಡು ಪಕ್ಕದ ಕೋಣೆಯ ಗುಮಾಸ್ತರನ್ನೂ ಕರೆದ.

"ಬನ್ರಪ್ಪಾ, ಕೇಳಿ. ಒಡತಿಯವರು ರಸ್ತೆ ತಿರುಗಿಸ್ತಾರಂತೆ. ಇಂಜಿನಿಯರ್‌ಗೆ ಹೇಳ್ಲಾ?"

"ಗೋರಿ ಐತಿ ಸಾಹೇಬ್ರ. ನಮ್ಮವ್ವಂದು."

"ನಿಮ್ಮವ್ವ ಬದುಕಿದ್ದಾಗ ಆ ಗುಡ್ಡದಲ್ಲಿ ಒಂದು ಪೈಸೆ ಹುಟ್ಟಿರಲಿಲ್ಲ. ಸತ್ತ ಮೇಲಾದರೂ ಉಪಯೋಗಕ್ಕೆ ಬಂದ್ಲು ಅಂತ ಖುಷಿಪಡು." ಗುಮಾಸ್ತರು ನಗು ಮುಗಿಸುವ ತನಕ ಕಾದ. "ನೋಡಮ್ಮ, ಒಡೆಯರು ಮಾತಾಡೋದು ಒಡೆಯರ ಸಭೆಯಲ್ಲಿ. ಮುಂದಿನ ವಾರ ಇಸ್ತಾಂಬುಲ್‌ನಲ್ಲಿದೆ, ದೊಡ್ಡ ಹೋಟೆಲಲ್ಲಿ. ಅಲ್ಲಿ ಹೋಗಿ ಹೇಳ್ಕೋ. ಸ್ನಾನ ಮಾಡ್ಕೊಂಡು ಹೋಗು."

ಬೆಸ್ನಾ ಸ್ನಾನ ಮಾಡಿಕೊಂಡು ಹೋದಳು.

ರಮೋ ಜೊತೆಗೆ ಬಂದ. "ನಿನ್ನ ಒಬ್ಬಾಕಿನ್ನ ಬಿಟ್ರ ಇಸ್ತಾಂಬುಲ್‌ದಾಗ ಮಾರಿ ತಿಂತಾರ ಬೆಸ್ನಕ್ಕಾ" ಎಂದ. ನಿಜವಾಗಿ ಅವನಿಗೆ ಹಲೂಕ್ ಬೇಯ ಬಾಯಿಂದಲೇ ಷೇರು ಇನ್ನೂ ಎಷ್ಟು ಏರುತ್ತದೆಂದು ಕೇಳುವ ಆಸೆಯಿತ್ತು. ಆ ಆಸೆ ಬಸ್ಸು ಅರ್ಧ ದಾರಿ ಮುಗಿಸುವುದರೊಳಗೆ ಸತ್ತಿತು. ಬಾಗ್ದಾದಿನ ಕೋರ್ಟು ಪರವಾನಗಿ ಸಲ್ಲದೆಂದು ತೀರ್ಪು ಕೊಟ್ಟಿತ್ತು. ರಮೋ ಫೋನು ನೋಡಿದ, ಬಸ್ಸಿನ ಗಾಜಿಗೆ ಹಣೆ ಬಡಿದುಕೊಂಡ, ಮತ್ತೆ ಫೋನು ನೋಡಿದ. ಸುದ್ದಿಯ ಕೆಳಗೆ ಇನ್ನೊಂದು ಚಿಕ್ಕ ಸುದ್ದಿ ಇತ್ತು. ಹಲೂಕ್ ಬೇ ಮತ್ತು ಅವರ ತಮ್ಮ ಹೋದ ವಾರವೇ ತಮ್ಮ ಷೇರುಗಳಲ್ಲಿ ಬಹುಪಾಲು ಮಾರಿದ್ದರು.

"ರಸ್ತಾ ಸುದ್ದಿ ಬಂತಲ್ಲ, ಷೇರು ಏರಿತಲ್ಲ, ಅವತ್ತ ಮಾರ್ಯಾರ ಬೋಳಿಮಕ್ಕಳು! ನಾವು ಕುಣಿಯಾಕತ್ತಿದ್ವಿ, ಅವ್ರು ಮಾರಾಕತ್ತಿದ್ರು!"

"ಅವ್ರ ಕೂಸುಗಳಿಗೆ ಮೂರು ವರ್ಷ ತುಂಬಿರಬೇಕು," ಎಂದಳು ಬೆಸ್ನಾ. ಅವನ ಫೋನಿನ ಕಡೆ ಬಾಗಿ ಕೇಳಿದಳು, "ಪರವಾನಗಿ ಹ್ವಾದ್ರ ರಸ್ತಾ ನಿಂದ್ರತೈತೇನ?"

"ರಸ್ತಾ ಯಾಕ ನಿಂದ್ರತೈತಿ? ಕೋರ್ಟು ಹೇಳಿದ್ರ ಬೀಳೂದು ನಮ್ಮ ಷೇರು ಅಷ್ಟ."

ಹೋಟೆಲ್ಲಿನ ಬಾಗಿಲಲ್ಲಿ, ಎದೆಯ ಮೇಲೆ ಹಳದಿ ಹನಿ ಇದ್ದ ಕಂಪನಿಯ ಕಾವಲಿನವನು ಬೆಸ್ನಾಳ ತಲೆವಸ್ತ್ರ ನೋಡಿದ, ರಮೋನ ಬೂಟು ನೋಡಿದ. "ಕ್ಲೀನಿಂಗ್‌ನವರು ಹಿಂದಿನ ಬಾಗಿಲಿಂದ" ಎಂದ.

"ಒಡೇರು ಯಾವ ಬಾಗಲಿಂದ?" ಎಂದು ಬೆಸ್ನಾ ಕೇಳಿದಳು.

ಒಳಗೆ ಬಿಡುವುದಕ್ಕೆ ಮೂರು ಜನ ಬಂದು ಅವಳ ಗುರುತಿನ ಚೀಟಿ ನೋಡಬೇಕಾಯಿತು. ಕೊನೆಗೆ ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಎರಡು ಕುರ್ಚಿ ಸಿಕ್ಕವು. ಮುಂದಿನ ಸಾಲುಗಳಲ್ಲಿ ಒಳ್ಳೆಯ ಸೂಟಿನವರು. ಅವರ ನಡುವೆ ಫಿಕ್ರೆತ್ ಬೇ ಹೊಸ ಟೈ ಕಟ್ಟಿಕೊಂಡು ಕೂತಿದ್ದ. ಪಕ್ಕದ ಮೇಜಿನಲ್ಲಿ, ಸಭೆ ನೆಟ್ಟಗೆ ನಡೆಯಿತೆಂದು ಸಹಿ ಹಾಕಲು ಸರ್ಕಾರ ಕಳಿಸಿದ್ದ ಅಧಿಕಾರಿ ಬಕ್ಲಾವಾ ಮಿಠಾಯಿ ತಿನ್ನುತ್ತಿದ್ದ.

ಹಲೂಕ್ ಬೇ ಕಣ್ಣು ತುಂಬಿಕೊಂಡು ಮಾತಾಡಿದರು. ನಾವೆಲ್ಲ ಒಂದೇ ಕುಟುಂಬ, ಕುಟುಂಬಕ್ಕೆ ಕಷ್ಟ ಬಂದಿದೆ, ರಾಜಕೀಯದವರು ಕಿತ್ತಾಡಿದರೆ ಪಾಪ ವ್ಯಾಪಾರಿಗಳೇನು ಮಾಡಬೇಕು ಎಂದರು. ಕುಟುಂಬದಲ್ಲಿ ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ರೂಢಿಯಂತೆ ಕೇಳಿದರು. ಬೆಸ್ನಾ ಎದ್ದಳು. ಯಾರೋ ಹುಡುಗಿ ಮೈಕು ತಂದು ಹಿಡಿದಳು. ಬಸ್ಸಿನಲ್ಲಿ ತುರ್ಕಿ ಮಾತುಗಳನ್ನು ಉರುಹೊಡೆದುಕೊಂಡು ಬಂದಿದ್ದರೂ, ಅವ್ವನ ಮಾತು ಬಾಯಿಗೆ ಬಂದಾಗ ಅದು ಅವ್ವನ ಭಾಷೆಯಲ್ಲೇ ಬಂತು.

"ನಮ್ಮವ್ವನ ಗೋರಿ ಮ್ಯಾಲ ನಿಮ್ಮ ರಸ್ತಾ..."

ಸಭೆ ತಿರುಗಿ ನೋಡಿತು. ಆ ಬೆಟ್ಟದ ಭಾಷೆ ಈ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೋಣೆಯಲ್ಲಿ ಮಾತ್ರ ಕೇಳಿಬರುತ್ತಿತ್ತು.

"ತಾಯೀ, ದೇಶದ ಭಾಷೆಯಲ್ಲಿ ಮಾತಾಡಿ," ಎಂದರು ಹಲೂಕ್ ಬೇ, ಬಹಳ ಮೃದುವಾಗಿ. ಮೈಕು ಆಗಲೇ ಸತ್ತಿತ್ತು. ಬೆಸ್ನಾ ಬರಿಗಂಟಲಲ್ಲಿ ತುರ್ಕಿಯಲ್ಲಿ ಮತ್ತೆ ಹೇಳಿದಳು. ಗೋರಿ, ರಸ್ತೆ, ತಿರುಗಿಸಿ. ಮೂರೇ ಮಾತು ನೆಟ್ಟಗೆ ಬಂದವು.

"ಗೋರಿಯ ವಿಷಯ ಇವತ್ತಿನ ಸಭೆಯಲ್ಲಿ ಇಲ್ಲ. ಕೂತ್ಕೊಳ್ಳಿ. ಚಹಾ ಕೊಡ್ರಪ್ಪಾ ತಾಯಿಗೆ."

ಇವತ್ತಿನ ಸಭೆಯಲ್ಲಿ ಇದ್ದ ವಿಷಯ ಒಂದೇ. ಹೋದ ವರ್ಷ ಮಾಡಿದ್ದಕ್ಕೆಲ್ಲ ಹಲೂಕ್ ಬೇ, ಅವರ ತಮ್ಮ ಮತ್ತು ಉಳಿದ ದೊಡ್ಡವರು ಹೊಣೆಯಲ್ಲ, ಅವರನ್ನು ಯಾರೂ ಯಾವತ್ತೂ ಏನೂ ಕೇಳುವಂತಿಲ್ಲ ಎಂದು ಒಡೆಯರೆಲ್ಲ ಒಪ್ಪಬೇಕು. ಒಪ್ಪುವವರು ಕೈ ಎತ್ತಿ ಎಂದರು. ಮುಂದಿನ ಸಾಲಿನ ಕೈಗಳೆಲ್ಲ ಗಡಿಯಾರ ಮಿನುಗಿಸುತ್ತ ಎದ್ದವು.

"ನನ್ನದು ಬಾತ್ಮಾನ್ ಅಂಗಳದ ಎಲ್ಲ ಒಡೆಯರ ಪರವಾಗಿ," ಎಂದು ಫಿಕ್ರೆತ್ ಬೇ ಕೈಯನ್ನು ಎಲ್ಲರಿಗಿಂತ ಎತ್ತರಕ್ಕೆ ಹಿಡಿದ.

"ಸರ್ವಾನುಮತ," ಎಂದರು ಹಲೂಕ್ ಬೇ. "ಬರ್ಕೊಳ್ಳಿ."

"ಬ್ಯಾಡ ಅನ್ನೋರು ಕೈ ಎತ್ರಿ ಅನ್ಲೇ ಇಲ್ಲಲ?" ಅಂಗಳದಲ್ಲಿ ಕಲಿತ ಹರಕು ತುರ್ಕಿಯಲ್ಲೇ ಕೇಳುತ್ತ ಬೆಸ್ನಾ ಕಂಬದ ಮರೆಯಿಂದ ಹೊರಗೆ ಬಂದಿದ್ದಳು. ಅವಳ ಬಲಗೈ ಮೇಲಿತ್ತು.

ಫಿಕ್ರೆತ್ ಬೇ ಎದ್ದು ನಿಂತ. "ಸಾರ್, ಅದು ಲೆಕ್ಕಕ್ಕಿಲ್ಲ ಸಾರ್. ಅವಳ ಪರವಾಗಿ ನಾನೇ ಕೈ ಎತ್ತಬಹುದು ಅಂತ ಕೇಕಿನ ದಿನಾನೇ ಸಹಿ ಹಾಕಿ ಕೊಟ್ಟಿದ್ದಾಳೆ. ಅವಳ ಕೈ ನನ್ನ ಕೈಯೊಳಗೇ ಇದೆ."

"ಹಂಗಂದ್ರ ಇದು ಯಾರ ಕೈ?" ಎಂದು ಬೆಸ್ನಾ ಕೇಳಿದಳು.

ಯಾರೋ ಕಿಸಕ್ಕನೆ ನಕ್ಕು ನಿಲ್ಲಿಸಿದರು. ಬರೆದುಕೊಳ್ಳುತ್ತಿದ್ದವನ ಪೆನ್ನು ನಿಂತಿತು. ಅವನು ಅಧಿಕಾರಿಯ ಕಡೆ ನೋಡಿದ. ಅಧಿಕಾರಿ ಬಾಯಲ್ಲಿದ್ದದ್ದನ್ನು ನುಂಗಿದ. ಖುದ್ದಾಗಿ ಬಂದವರ ಕೈಯನ್ನು ಇನ್ನೊಬ್ಬರ ಕೈಯೊಳಗೆ ಹುಡುಕುವ ಹಾಗಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹಲೂಕ್ ಬೇ ಯಾರ ಜೊತೆ ಊಟ ಮಾಡುತ್ತಾರೆ ಎಂಬುದೂ ಗೊತ್ತಿತ್ತು. ಅವನು ಇನ್ನೊಂದು ಬಕ್ಲಾವಾ ತೆಗೆದುಕೊಂಡ.

"ಕೈ ಇಳಿಸಿ ತಾಯೀ. ಒಂದು ಕೈಯಿಂದ ಏನಾಗುತ್ತೆ? ಸುಮ್ಮನೆ ನೋವು."

"ನೋವು ನಂದರಿ. ನೀವು ಬರಕೋರಿ. ಒಂದು ಕೈ ಬ್ಯಾಡ ಅಂತು ಅಂತ ಬರೀರಿ."

"ಎರಡು!" ಎಂದು ಪಕ್ಕದಿಂದ ಕೂಗು ಬಂತು. ರಮೋ ಎದ್ದಿದ್ದ. ಹೋದ ಬೇಸಿಗೆಯಲ್ಲಿ ಪೈಪು ಜಾರಿ ಅವನ ಬಲಗೈಯ ಎರಡು ಬೆರಳು ತಿಂದಿತ್ತು. ಉಳಿದ ಮೂರನ್ನು ಅಗಲಿಸಿ ಹಿಡಿದ. "ನಂದು ಪೂರಾ ಕೈ ಅಲ್ಲ. ಲೆಕ್ಕ ತಪ್ಪತೈತಿ ಅಂದ್ರ ಒಂದೂವರೆ ಅಂತ ಬರಕೋರಿ ಸೂಳೆಮಕ್ಕಳ್ರ!"

ಈ ಸಲ ಯಾರೂ ನಗಲಿಲ್ಲ. ಹಲೂಕ್ ಬೇ ಬಾಗಿಲ ಕಡೆ ಕಣ್ಣು ಸನ್ನೆ ಮಾಡಿದರು. ಬಾಗಿಲಲ್ಲಿದ್ದ ಕಾವಲಿನವನು ಇನ್ನಿಬ್ಬರನ್ನು ಕರೆದುಕೊಂಡು ಕುರ್ಚಿಗಳ ನಡುವೆ ಬಂದ. ಒಬ್ಬ ರಮೋನ ಕತ್ತಿನ ಪಟ್ಟಿ ಹಿಡಿದ. ಇನ್ನೊಬ್ಬ ಬೆಸ್ನಾಳ ಎತ್ತಿದ ತೋಳಿಗೆ ಕೈ ಚಾಚಿದ.

"ಮುಟ್ಟಬ್ಯಾಡ," ಎಂದಳು ಬೆಸ್ನಾ. "ನಿನ್ನ ಪಗಾರ ಕೊಡೋ ಒಡತಿ ಮೈಗೆ ಕೈ ಹಚ್ಚತೀಯೇನೋ?"

ಕಾವಲಿನವನ ಕೈ ಗಾಳಿಯಲ್ಲೇ ನಿಂತಿತು. ಅವನು ಫಿಕ್ರೆತ್ ಬೇಯ ಮುಖ ನೋಡಿದ. ಫಿಕ್ರೆತ್ ಬೇ ಹಲೂಕ್ ಬೇಯ ಮುಖ ನೋಡಿದ. ಹಲೂಕ್ ಬೇ ಗಡಿಯಾರ ನೋಡಿಕೊಂಡರು. ಪಕ್ಕದ ಕೋಣೆಯಿಂದ ಸುಟ್ಟ ಕುರಿಮಾಂಸದ ವಾಸನೆ ತೇಲಿ ಬಂತು. ಮುಂದಿನ ಸಾಲಿನವರು ಕುರ್ಚಿಗಳಲ್ಲಿ ಕದಲಿದರು. ಎದ್ದು ಹೋಗುವಂತಿರಲಿಲ್ಲ. ಸಭೆ ಮುಗಿಯಿತೆಂದು ಬರೆಯಬೇಕಾದವನು ಪೆನ್ನು ಹಿಡಿದು, ಬೇಡವೆಂದ ಕೈ ಎಷ್ಟು ಎಂದು ಬರೆಯುವುದು ಎಂದು ಕೇಳುತ್ತಿದ್ದ.

ಬೆಸ್ನಾಳ ತೋಳು ಭುಜದ ಹತ್ತಿರ ಸೋಲತೊಡಗಿತ್ತು. ಅವಳು ಎಡಗೈಯಿಂದ ಮೊಣಕೈಗೆ ಆನಿಕೆ ಕೊಟ್ಟು ಅದನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿದಳು.