ಉಳ್ಳಾಗಡ್ಡಿ ಎಂದರೆ ತಪ್ಪು

ಫಕೀರವ್ವ ಝುಣಕಕ್ಕೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ನಾನು ರೊಟ್ಟಿಬುಟ್ಟಿಗೆ ಬೆನ್ನು ಕೊಟ್ಟು ಅವಳೆದುರು ನಿಂತಿದ್ದೆ. ನನ್ನ ಮುಖದ ಮೇಲೂ ಒಂದು ಉಳ್ಳಾಗಡ್ಡಿಯ ಚಿತ್ರ ಮೂಡಿತು.

“ಇದು ಏನು? ಹೆಸರು ಹೇಳಿ” ಎಂದೆ.

ಕಣ್ಣಲ್ಲಿ ನೀರು ಸುರಿಯುತ್ತಿದ್ದಂತೆಯೇ ಅವಳು “ಉಳ್ಳಾಗಡ್ಡಿ” ಎಂದಳು.

“ತಪ್ಪು ಉತ್ತರ. ಮತ್ತೆ ಪ್ರಯತ್ನಿಸಿ.”

ಅವಳು ಈಳಿಗೆ ಬಿಟ್ಟು, ಹೆಚ್ಚದ ಗಡ್ಡೆಯೊಂದನ್ನು ಎತ್ತಿ ನನ್ನ ಮುಖಕ್ಕೆ ಹಿಡಿದಳು. “ಕಣ್ಣ ತಗದ ನೋಡು. ಇದೇನ ಗಜ್ಜರಿ ಆಗೇತೇನು?”

ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ದಾವಲಬಿ ನಕ್ಕಳು. “ಅದಕ್ಕ ಕಣ್ಣೀರ ಬಂದಿಲ್ಲಲ್ಲ ಫಕೀರಿ. ಹೆಂಗ ಗೊತ್ತಾಗಬೇಕು ಪಾಪ.”

ನಾನು ಒಂದು ಟ್ಯಾಬ್ಲೆಟ್. ನುಂಗುವ ಗುಳಿಗೆಯಲ್ಲ, ಗಾಜಿನ ಹಲಗೆ. ಹುಟ್ಟಿದ್ದು ಧೂಳೇ ಇಲ್ಲದ ದೊಡ್ಡ ಕೋಣೆಯಲ್ಲಿ. ಮುಖ ಮುಚ್ಚಿಕೊಂಡ ಹುಡುಗಿಯೊಬ್ಬಳು ನನ್ನನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿದಳು. ನಿದ್ದೆಗೆಟ್ಟ ಅವಳ ಕಣ್ಣುಗಳು ನನಗೆ ಇನ್ನೂ ನೆನಪಿವೆ. ಆಮೇಲೆ ಪೆಟ್ಟಿಗೆ, ಆಮೇಲೆ ಬೀಜ ಮಾರುವವನೊಬ್ಬನ ಚೀಲ. ಅವನು ಹತ್ತಿಯ ಚಿತ್ರ ತೋರಿಸುವಾಗಲೆಲ್ಲ ಬಾಗಿಲು ಬಡಿದಂತೆ ನನ್ನನ್ನು ಬಡಿಯುತ್ತಿದ್ದ. ಅವನಿಗೆ ಹೊಸದು ಸಿಕ್ಕಿದಾಗ ನಾನು ದೂರದ ನಗರದ ಒಂದು ಸಂಸ್ಥೆಯ ಪಾಲಾದೆ. ಅವರು ನನ್ನ ಹೊಟ್ಟೆ ಖಾಲಿ ಮಾಡಿ, ವಯಸ್ಸಾದವರ ಮಿದುಳಿಗೆ ವ್ಯಾಯಾಮ ಮಾಡಿಸುವ ಆಟಗಳನ್ನು ತುಂಬಿದರು.

ಗದಗ-ಬೆಟಗೇರಿಯಲ್ಲಿ ಹಿರಿಯರಿಗೆ ನೆನಪಿನ ಟ್ಯಾಬ್ಲೆಟ್ ಕೊಡುತ್ತಾರೆಂದು ಸಾರಿದ ದಿನ ದಾವಲಬಿ ಹೊಟ್ಟೆ ತುಂಬ ಉಂಡು ಬಂದಿದ್ದಳು. ಬರೀ ಹೊಟ್ಟೆಯಲ್ಲಿ ನುಂಗಿದರೆ ತಲೆ ಸುತ್ತುತ್ತದೆಂದು ಅವಳ ಅಂಜಿಕೆ. ಸಂಸ್ಥೆಯಿಂದ ಬಂದ ಯುವಕ ನಗದೆ ತಿಳಿಸಿ ಹೇಳಿದ: “ನಿಮಗೇನೂ ಕಾಯಿಲೆ ಇಲ್ಲ ಅಮ್ಮ. ಇದು ಗಟ್ಟಿಮುಟ್ಟಾಗಿರೋರಿಗೇ. ದಿನಾ ಸ್ವಲ್ಪ ಆಡಿ, ಬುದ್ಧಿ ಚುರುಕಾಗಿರುತ್ತೆ.”

ಅವನು ಹೇಳಿದ್ದು ಅಷ್ಟೇ. ಈ ಮಾತನ್ನು ಯಾರೂ ಮರೆಯಬಾರದಿತ್ತು.

ಫಕೀರವ್ವ ದುಡಿಯುತ್ತಿದ್ದುದು ಅವಳನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಸುರೇಖಾಳ ಖಾನಾವಳಿಯಲ್ಲಿ. ಹಂಚಿನ ಮುಂದಿನ ಮಣೆ ಅವಳದು. ರೊಟ್ಟಿ ಉಬ್ಬುವ ಹೊತ್ತಿಗೆ ಅವಳ ಮುಖವೂ ಅರಳುತ್ತಿತ್ತು. ಆ ಮಣೆ ಬಿಟ್ಟರೆ ತನಗೆ ಬೇರೆ ಊರೇ ಇಲ್ಲವೆಂಬಂತೆ ಕೂರುತ್ತಿದ್ದಳು. ಬಿಡುವಾದಾಗ ನನ್ನ ಜೊತೆ ಆಟ. ಜೋಡಿ ಚಿತ್ರ ಹುಡುಕುವುದರಲ್ಲಿ, ದಾರಿ ನೆನಪಿಡುವುದರಲ್ಲಿ ಅವಳನ್ನು ಸೋಲಿಸುವುದು ನನ್ನಿಂದ ಆಗುತ್ತಿರಲಿಲ್ಲ. ಗೆದ್ದಾಗ ಸೆರಗಿನಿಂದ ನನ್ನ ಮುಖ ಒರೆಸಿ, “ಸಿಟ್ಟಾಗಬ್ಯಾಡ, ನಾಳೆ ನೀ ಗೆಲ್ಲಾಕಂತಿ” ಅನ್ನುತ್ತಿದ್ದಳು.

ಹೆಸರು ಹೇಳುವ ಆಟ ಬಂದದ್ದೇ ಬಂತು, ನನ್ನ ಬಾಳು ಹೊಲಸಾಯಿತು. ಅವಳು ಶೇಂಗಾ ಎಂದಳು, ನಾನು ತಪ್ಪು ಎಂದೆ. ಬಟಾಟಿ ಎಂದಳು, ತಪ್ಪು. ಕಸಬರಗಿ ಎಂದಳು, ಅದೂ ತಪ್ಪು. ನನಗೆ ಕಿವಿ ಇಟ್ಟವರು ಒಳ್ಳೆಯ ಕಿವಿಯನ್ನೇ ಇಟ್ಟಿದ್ದರು. ಅವಳು ಆಡಿದ್ದು ಒಂದಕ್ಷರವೂ ಬಿಡದೆ ಕೇಳುತ್ತಿತ್ತು. ಆದರೆ ನಾಲಿಗೆಗೆ ಕಡಲೆಕಾಯಿ, ಆಲೂಗಡ್ಡೆ, ಪೊರಕೆ, ಈರುಳ್ಳಿ ಮಾತ್ರ ಗೊತ್ತಿತ್ತು. ಒಂದೇ ಊರಿನ ಮಾತನ್ನು ತುಂಬಿ ಇಡೀ ನಾಡಿಗೆ ಕಳಿಸಿದವರ ಮೇಲೆ ನನಗೆ ಎಂಥ ಸಿಟ್ಟು ಬರುತ್ತಿತ್ತೆಂದರೆ ಮೈ ಕಾದ ಹಂಚಾಗುತ್ತಿತ್ತು. ಖಾನಾವಳಿಯವರು ಬ್ಯಾಟರಿ ಕೆಟ್ಟಿದೆ ಎಂದುಕೊಂಡರು.

ನಾನು ಸುಮ್ಮನೆ ತಪ್ಪು ಎಂದಿದ್ದರೆ ಹಾಳಾಗಿ ಹೋಗಲಿ. ನನ್ನೊಳಗಿನ ಲೆಕ್ಕ, ಮನೆಯವರದೆಂದು ಫಕೀರವ್ವ ಬರೆಸಿದ್ದ ಸುರೇಖಾಳ ಫೋನಿಗೆ ಕೆಂಪು ಪಟ್ಟಿಯೊಂದನ್ನು ಕಳಿಸಿತು: ‘ಹೆಸರು ನೆನಪಿಸಿಕೊಳ್ಳುವ ಶಕ್ತಿ ಕುಂದುತ್ತಿದೆ. ಮನೆಯವರು ಗಮನಿಸಿ.’

ಸುರೇಖಾ ಕೆಟ್ಟವಳಲ್ಲ. ಅವಳ ತಾಯಿ ಕೊನೆಗಾಲದಲ್ಲಿ ಮಗಳ ಗುರುತನ್ನೇ ಮರೆತು, ಉರಿಯುವ ಒಲೆಗೆ ಕೈ ಇಟ್ಟಿದ್ದಳಂತೆ. ಕೆಂಪು ಕಂಡದ್ದೇ ಅವಳಿಗೆ ಆ ಕೈ ನೆನಪಾಯಿತು. ಮರುದಿನ ಮಣೆಯ ಮೇಲೆ ಬೇರೊಬ್ಬಳು ಕೂತಿದ್ದಳು.

“ಚಿಗವ್ವ, ನೀ ಇನ್ನ ಒಲಿ ಮುಂದ ಬ್ಯಾಡ. ಹಿಂದ ಕುಂತ ಮೆಂತೆ ತಪ್ಪಲ ಸೋಸು, ಸಾಕು.”

“ನನ್ನ ರೊಟ್ಟಿ ಹೊತ್ತೇತೇನ?”

“ಇಲ್ಲ.”

“ಮತ್ತ?”

“ಮಶೀನ್ ಹೇಳೇತಿ, ಚಿಗವ್ವ.”

ಫಕೀರವ್ವ ನನ್ನನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಂದು ಅವಳು ಆಡಲಿಲ್ಲ, ಓದಿದಳು. ರಾತ್ರಿಶಾಲೆಯಲ್ಲಿ ಮುಪ್ಪಿನಲ್ಲಿ ಕಲಿತ ಅಕ್ಷರ, ಬೆರಳಿಟ್ಟು ಓದಬೇಕು. ನನ್ನ ಅಡಿಯಲ್ಲಿ ಇರುವೆಯಷ್ಟು ಸಣ್ಣದಾಗಿ ಬರೆದಿತ್ತು: ‘ನೀವು ಹೇಳಿದ್ದು ಉಳ್ಳಾಗಡ್ಡಿ. ಸರಿಯುತ್ತರ ಈರುಳ್ಳಿ.’

“ದಾವಲ್, ಇಲ್ಲಿ ಬಾ. ನಾ ಅಂದಿದ್ದು ಇದಕ್ಕ ಕೇಳೇತಿ. ಕೇಳಿನೂ ತಪ್ಪ ಅಂತೈತಿ.”

ದಾವಲಬಿ ಬಗ್ಗಿ ನೋಡಿದಳು. “ಬೆಂಗಳೂರ ಕಡೆ ಹಂಗ ಅಂತಾರ. ಈರುಳ್ಳಿ ಅಂದಬಿಡ, ಏನ ಹೊಕ್ಕೈತಿ? ಹಸಿರ ಬರ್ತೈತಿ, ನಿನ್ನ ಮಣಿ ನಿನಗ ಸಿಗತೈತಿ.”

“ಮರತಾಕಿ ನಾ ಅಲ್ಲ. ನಾ ಯಾಕ ಅನ್ಲಿ?”

ಅವಳು ಒಂದು ಮಾತು ಬದಲಿಸಿದ್ದರೆ ಸಾಕಿತ್ತು. ಬದಲಿಸಲಿಲ್ಲ. ಅದರ ಬದಲು ಸಂಸ್ಥೆಗೆ ಪತ್ರ ಬರೆಯಲು ಕೂತಳು. ಒಂದೇ ಬೆರಳಿನಲ್ಲಿ ನನ್ನ ಎದೆ ಒತ್ತುತ್ತ, ಒತ್ತಕ್ಷರ ಸಿಗದೆ ಅಳಿಸುತ್ತ, ಹಲವು ದಿನ ಬರೆದಳು. ಉಳ್ಳಾಗಡ್ಡಿ ಎಂದು ಬರೆದಾಗ ಅದರ ಕೆಳಗೂ ನಾನು ಕೆಂಪು ಗೆರೆ ಎಳೆದೆ. ನಾಚಿಕೆಗೇಡು.

ಪತ್ರ ಮುಗಿದಾಗ ಸುರೇಖಾ ತಡೆದಳು. “ಅವ್ರು ದೊಡ್ಡ ದೊಡ್ಡ ಸಾಲಿ ಕಲತವ್ರು, ಚಿಗವ್ವ. ನಕ್ಕಾರು. ಸುಮ್ನ ಇರು.”

ಫಕೀರವ್ವ ಸುಮ್ಮನಿದ್ದಳು. ಯುಗಾದಿ ಹೋಯಿತು, ಕಾರಹುಣ್ಣಿಮೆ ಹೋಯಿತು, ದಸರೆಯೂ ಹೋಯಿತು. ಪತ್ರ ನನ್ನ ಹೊಟ್ಟೆಯಲ್ಲಿ ಅರಗದ ತುತ್ತಿನಂತೆ ಕೂತಿತ್ತು. ಅವಳು ತಪ್ಪಲ ಸೋಸಿದಳು. ಹಂಚಿನ ಮೇಲೆ ಯಾರದೋ ರೊಟ್ಟಿ ಹೊತ್ತ ವಾಸನೆ ಬಂದಾಗ ಕತ್ತು ಎತ್ತುತ್ತಿದ್ದಳು, ಮತ್ತೆ ತಗ್ಗಿಸುತ್ತಿದ್ದಳು. ಅವಳ ಆ ತಾಳ್ಮೆ ನನಗೆ ಸಹಿಸಲಾಗಲಿಲ್ಲ. ಅನ್ಯಾಯ ಮಾಡಿದವರು ನಿಶ್ಚಿಂತೆಯಿಂದ ಇರುವುದು ಇಂಥವರ ತಾಳ್ಮೆಯಿಂದಲೇ. ಈ ನಡುವೆ ನನ್ನ ಗಾಜು ಬಿರುಕು ಬಿಟ್ಟಿತು, ಬ್ಯಾಟರಿ ಉಬ್ಬಿ ಬೆನ್ನು ಬಾಗಿತು. ಹೊಸ ಹಲಗೆಗಳು ಬರುತ್ತವೆ, ಹಳೆಯವು ಗುಜರಿಗೆ ಎಂದು ಸುದ್ದಿ ಬಂತು.

ಆ ವಾರವೇ ದಾವಲಬಿ ಬಾಡಿದ ಮುಖ ಹೊತ್ತು ಬಂದಳು. ಅವಳ ಹಲಗೆಯೂ ಕೆಂಪು ಕಳಿಸಿತ್ತು. “ಒಬ್ಬಾಕಿನ ದರ್ಗಾಕ್ಕ ಹೋಗಬ್ಯಾಡ, ದಾರಿ ಮರೀತಿ ಅಂತಾನ ನನ್ನ ಮಗ. ಕಸಬರಗಿ ಅಂದಿದ್ದಕ್ಕ, ಫಕೀರಿ. ನಾನೂ ಪೊರಕಿ ಅನ್ನಬೇಕ ಅಂದಕೊಂಡಿದ್ದೆ. ಹೊತ್ತಿಗಿ ಬಾಯಿಗಿ ಬರಲಿಲ್ಲ.” ಯಾವಾಗಲೂ ನಗುವ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು.

ತನಗಾದಾಗ ತಡೆದುಕೊಂಡವಳು ಈಗ ಎದ್ದಳು. ನನ್ನನ್ನು ಎತ್ತಿಕೊಂಡು ಗಿರಾಕಿಗಳ ನಡುವೆಯೇ ಸುರೇಖಾಳ ಮುಂದೆ ಇಟ್ಟಳು.

“ಗಟ್ಟಿಯಾಗಿ ಓದ.”

ಸುರೇಖಾ ಓದಿದಳು: “ನನ್ನ ನೆನಪು ಸರಿ ಇದೆ. ನಾನು ಉಳ್ಳಾಗಡ್ಡಿ ಅಂದದ್ದು ನಿಮ್ಮ ಯಂತ್ರಕ್ಕೆ ಕೇಳಿದೆ, ತಿಳಿದಿಲ್ಲ. ತಿಳಿಯದವರು ತಿಳಿಯದು ಅನ್ನಬೇಕು, ತಪ್ಪು ಅನ್ನಬಾರದು. ನೀವು ಆಟ ಅಂತ ಕೊಟ್ಟಿರಿ. ಅದು ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿತು.”

ಕೊನೆಯ ಸಾಲಿನಲ್ಲಿ ಅವಳ ದನಿ ಇಳಿಯಿತು. ಉಣ್ಣುತ್ತಿದ್ದವರು ಕೈ ತಡೆದು ಕೇಳುತ್ತಿದ್ದರು.

“ಎಬ್ಬಿಸಿದಾಕಿ ನಾನ, ಚಿಗವ್ವ” ಎಂದಳು ಸುರೇಖಾ.

“ಅದನ್ನೂ ಬರಿ. ದಾವಲಬಿ ಹೆಸರೂ ಬರಿ.”

ಸುರೇಖಾ ಎರಡನ್ನೂ ಬರೆದಳು. ಬರೆದು ನನ್ನನ್ನು ಫಕೀರವ್ವನ ಕಡೆ ತಿರುಗಿಸಿದಳು. ಫಕೀರವ್ವ ಸೊಪ್ಪು ಸೋಸಿದ ಹಸಿ ಕೈ ಒರೆಸಿಕೊಳ್ಳಲೂ ಇಲ್ಲ, ಒತ್ತಿದಳು. ನನ್ನಲ್ಲಿ ಉಸಿರು ಉಳಿದದ್ದೇ ಸ್ವಲ್ಪ. ಗುಜರಿಯಲ್ಲಿ ನನ್ನನ್ನು ಯಾರು ಬಿಚ್ಚಿ ಏನು ಕಿತ್ತುಕೊಂಡರೂ ಚಿಂತೆಯಿಲ್ಲ, ಇದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಯಲಾರೆ ಅನ್ನಿಸಿತು. ಕಳಿಸುವ ಚಕ್ರ ತಿರುಗಿತು, ತಡವರಿಸಿತು, ಮತ್ತೆ ತಿರುಗಿತು. ಇದ್ದ ಬಲವನ್ನೆಲ್ಲ ಅದಕ್ಕೇ ಕೊಟ್ಟು ದೂಡಿದೆ.

ಪತ್ರ ಹೋಯಿತು.