ಹಿಂಬಾಗಿಲಿಂದ ಬಂದವರು

ಬಂದವರ ಎದೆಗೆ ಚೀಟಿ ಅಂಟಿಸೋಕೆ ಡಾಕ್ಟರ್ ಓದಿಯೇ ಬರಬೇಕಾ ಅಂತ ನಾನು ಮೊದಲ ದಿನವೇ ಕೇಳಿದ್ದೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸ್ ನಾನು. ಬಾಯಿಗೆ ಬೀಗ ಹಾಕಿ ಅಭ್ಯಾಸವಿಲ್ಲ. ಸಂಶೋಧನೆಗೆ ಬಂದಿದ್ದ ಡಾಕ್ಟರಮ್ಮ ನಕ್ಕು, "ಅಂಟಿಸೋದು ನೀವೇ ಸಿಸ್ಟರ್, ನಾನು ಬರೀ ಎಣಿಸ್ತೀನಿ" ಅಂದರು.

ಅವರ ಸಂಶೋಧನೆ ಇಷ್ಟೇ. ಮುಂಬಾಗಿಲಿಂದ ಒಳಗೆ ಕಾಲಿಟ್ಟವರ ಅಂಗಿಗೆ ಆ ಹೊತ್ತಿನ ಗಂಟೆ ಬರೆದ ಹಳದಿ ಚೀಟಿ ಅಂಟಿಸಬೇಕು. ಗಂಟಲಿಂದ ಹೊಕ್ಕುಳವರೆಗೆ ಎಲ್ಲೇ ಸಂಕಟ ಅಂದರೂ ಮೊದಲು ಇಸಿಜಿ, ಆಮೇಲೆ ಹೆಸರು, ವಿಳಾಸ. ಹತ್ತು ನಿಮಿಷ ದಾಟಬಾರದು. ದಾಟಿದರೆ ಚೀಟಿಯಲ್ಲಿ ಕಾರಣ ಬರೆಯಬೇಕು. ನನಗೇ ಪಾಠ ಹೇಳೋಕೆ ಬಂದಳಲ್ಲ ಅಂತ ಮೈ ಉರಿಯಿತು. ಆ ಉರಿಯಲ್ಲೇ ಓಡಾಡಿದೆ. ಮೂರು ತಿಂಗಳಲ್ಲಿ ನನ್ನ ಪಾಳಿಯ ಒಂದು ಚೀಟಿಯೂ ಒಂಬತ್ತು ನಿಮಿಷ ದಾಟಲಿಲ್ಲ. ಕೊನೆಯ ವಾರಕ್ಕೆ ಬರುವಷ್ಟರಲ್ಲಿ ನನ್ನ ಜಂಬ ಲಿಫ್ಟಿನಲ್ಲಿ ಹಿಡಿಸುತ್ತಿರಲಿಲ್ಲ.

ಆದರೆ ನಮ್ಮ ವಿಭಾಗಕ್ಕೆ ಇನ್ನೊಂದು ಬಾಗಿಲಿದೆ, ಬಟ್ಟೆ ಒಗೆಯೋ ಕೋಣೆಯ ಪಕ್ಕ. ಸಿಬ್ಬಂದಿಯ ಅಪ್ಪ, ಅತ್ತೆ, ಭಾವಮೈದ ಎಲ್ಲ ಅಲ್ಲಿಂದಲೇ ಬರೋದು. ನಮ್ಮವರೂ ಸಾಲಿನಲ್ಲಿ ನಿಂತರೆ ನಾವು ಇಲ್ಲಿದ್ದು ಏನು ಪ್ರಯೋಜನ?

ಆ ಕೊನೆಯ ವಾರದ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ನಮ್ಮನೆಯವರು ಆ ಬಾಗಿಲಿಂದ ಬಂದರು. ಅವರು ದರ್ಜಿ, ಅಳತೆ ಟೇಪು ಕೊರಳಲ್ಲೇ ಇತ್ತು.

"ಎದೆ ಹತ್ತಿರ ಏನೋ ಹಿಡಿದ ಹಾಗಿದೆ ಕಣೇ" ಅಂದರು.

"ಹೊಟ್ಟೆ ಬಿರಿಯೋ ಹಾಗೆ ತಿಂದು ಬಗ್ಗಿ ಹೊಲಿಯೋಕೆ ಕೂತರೆ ಇನ್ನೇನಾಗುತ್ತೆ? ಗ್ಯಾಸು. ಈ ಸಿರಪ್ ಕುಡಿದು ಐದು ನಿಮಿಷ ಕೂತ್ಕೊಳ್ಳಿ, ಬಂದೆ."

ನಾವು ಟೀ ಕುಡಿಯೋ ಕೋಣೆಯಲ್ಲಿ ಅವರನ್ನ ಕೂರಿಸಿ ಹೋದೆ. ಏಣಿಯಿಂದ ಬಿದ್ದವನೊಬ್ಬ ಬಂದ. ಒಂದು ಮಗುವಿನ ಮೂಗಿನಿಂದ ಗುಂಡಿ ತೆಗೆದಿದ್ದಾಯಿತು. ತೇಗು ಬರ್ತಿದೆ, ಎದೆ ಹಿಡಿದಿದೆ ಅಂತ ಲಾರಿ ಡ್ರೈವರ್ ಒಬ್ಬ ಬಂದ; ನಾಲ್ಕೇ ನಿಮಿಷಕ್ಕೆ ಇಸಿಜಿ ತೆಗೆದೆ. ಅವನಿಗೆ ಇದ್ದದ್ದು ಬರೀ ಗ್ಯಾಸು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನನ್ನ ಪಾಲಿಗೆ ಹಿತ್ತಲಿಂದ ಬಂದವರು ರೋಗಿಯೂ ಅಲ್ಲ.

ಟೀ ಕುಡಿಯೋಕೆ ಹೋದ ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಕರೆದರು. "ಸಿಸ್ಟರ್, ಇವರ ಚೀಟಿ ಎಲ್ಲಿ?"

"ಅವರು ಪೇಷಂಟ್ ಅಲ್ಲ ಮೇಡಂ, ನಮ್ಮನೆಯವರು" ಅನ್ನುತ್ತಲೇ ಒಳಗೆ ಹೋದೆ. ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಮುಖ ಬಿಳಿಚಿಕೊಂಡಿತ್ತು.

"ಕರೀಬಾರದಿತ್ತಾ?" ಅಂದೆ.

"ನೀನು ಕೆಲಸದಲ್ಲಿದ್ದೆ" ಅಂದರು.

ಇಸಿಜಿ ಕಾಗದ ಹೊರಗೆ ಬರುತ್ತಿದ್ದಂತೆ ನನಗೇ ತಿಳಿಯಿತು, ಹೃದಯಾಘಾತ. ಅವರನ್ನ ಮೇಲಿನ ಮಹಡಿಗೆ ಕರೆದುಕೊಂಡು ಹೋದರು. ನಾನು ಅಳತೆ ಟೇಪು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ಅತ್ತೆ.

ಎರಡು ಗಂಟೆಗೆ ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕೂತರು. "ಉಳ್ಕೊಂಡ್ರು. ರಕ್ತನಾಳ ತೆರೆದಿದ್ದಾರೆ. ಹೃದಯಕ್ಕೆ ಸ್ವಲ್ಪ ಪೆಟ್ಟಾಗಿದೆ. ಬೇಗ ಬಂದಿದ್ದರೆ..."

"ಬೇಗನೇ ಬಂದಿದ್ರು ಮೇಡಂ" ಅಂದೆ.

ಅವರು ಕೈಯಲ್ಲಿದ್ದ ಹಳದಿ ಚೀಟಿಗಳ ಕಟ್ಟು ತಿರುವಿದರು. "ನನ್ನ ಸಂಶೋಧನೆಗೆ ಮುಂಬಾಗಿಲಿಂದ ಬಂದವರಷ್ಟೇ ಲೆಕ್ಕ. ಇದನ್ನ ಬಿಡಬಹುದು. ನಿಮ್ಮ ಒಂಬತ್ತು ನಿಮಿಷ ಹಾಗೇ ಇರುತ್ತೆ."

ಹಾಗೇ ಇರಲಿ ಅಂತ ಮನಸ್ಸು ಒಂದು ಗಳಿಗೆ ಅಂದದ್ದು ಸುಳ್ಳಲ್ಲ. ಆಮೇಲೆ ಅವರ ಕೈಯಿಂದ ಒಂದು ಹಳದಿ ಚೀಟಿ ಕಿತ್ತುಕೊಂಡೆ. ಬಂದದ್ದು 11.05. ಇಸಿಜಿ 11.46. ನಲವತ್ತೊಂದು ನಿಮಿಷ. ಕಾರಣ ಅನ್ನುವಲ್ಲಿ ಬರೆದೆ: ರೋಗಿ ನನ್ನ ಗಂಡ.

ಮರುದಿನವೇ ಹಟ ಹಿಡಿದು ಹಿಂಬಾಗಿಲಿಗೆ ಬೀಗ ಹಾಕಿಸಿದೆ. ಜೊತೆಯವರು ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟರು. ಬಿಡಲಿ, ನನ್ನ ಗಂಟೇನು ಹೋಯಿತು?

ಸಂಶೋಧನೆ ಮುಗಿದರೂ ಚೀಟಿ ಅಂಟಿಸೋದನ್ನ ನಾವು ಬಿಟ್ಟಿರಲಿಲ್ಲ. ಎರಡು ವಾರದ ಮೇಲೆ ನಮ್ಮನೆಯವರು ಮುಂಬಾಗಿಲಿಂದ ಬಂದರು. ಎದೆಯಲ್ಲಿ ಚೂರು ಚುಚ್ಚಿದ ಹಾಗಾಗಿತ್ತಂತೆ; ಆಮೇಲೆ ನೋಡಿದರೆ ಏನೂ ಇರಲಿಲ್ಲ. ನನ್ನ ಜೀವ ಬಾಯಿಗೆ ಬಂದು, ಏನಾಯ್ತು, ಯಾವಾಗಿಂದ, ಮಾತ್ರೆ ತಗೊಂಡ್ರಾ ಅಂತ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದು, ಅಂಗಿಯ ಎದೆ ಮುಂದೆ ಮಾಡಿದರು.

"ಮೊದಲು ಚೀಟಿ ಅಂಟಿಸಿ ಸಿಸ್ಟರ್. ನಾನು ನಿಮಗೇನೂ ಆಗಬೇಕಾಗಿಲ್ಲ."